ಬಿಳಿ ಎಂದರೆ ಯಾವ ಬಿಳಿ?

ಸೀರೆಗೆ ಹೊಂದುವ ರವಿಕೆ ಕಣ ತರಲು ಅಂಗಡಿಗೆ ಹೋಗುತ್ತೀರಿ. "ಯಾವ ಬಣ್ಣ ಬೇಕಮ್ಮಾ?" ಎಂದು ಅಂಗಡಿಯವರು ಕೇಳುತ್ತಾರೆ. "ಹಸಿರು" ಎಂದರೆ ಸಾಕೇ? ಸಾಲದು. ಗಿಳಿ ಹಸಿರು ಇದೆ. ಪಾಚಿ ಹಸಿರು ಇದೆ. ಎಲೆ ಹಸಿರು ಇದೆ. ಮಾವಿನಕಾಯಿ ಹಸಿರೂ ಇದೆ. ಅದಕ್ಕೇ ನೀವು ಸೀರೆಯನ್ನೇ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತೀರಿ. ಸೆರಗಿನ ಪಕ್ಕ ಬಟ್ಟೆ ಹಿಡಿದು ನೋಡುತ್ತೀರಿ. ಅಂಗಡಿಯ ಟ್ಯೂಬ್‌ಲೈಟನ್ನು ನಂಬುವುದಿಲ್ಲ. ಬಾಗಿಲ ಹೊರಗೆ ಬಂದು ಬಿಸಿಲಲ್ಲಿ ಮತ್ತೊಮ್ಮೆ ನೋಡುತ್ತೀರಿ.

ಕಾರು, ವ್ಯಾನುಗಳ ಬಣ್ಣವೂ ಹೀಗೇ. "ಬಿಳಿ ಗಾಡಿ" ಎನ್ನುತ್ತೇವೆ. ಆದರೆ ಆ ಬಿಳಿಯಲ್ಲಿ ಹತ್ತಾರು ಬಗೆ. ಒಂದು ಹಾಲಿನ ಬಿಳಿ. ಒಂದು ಸುಣ್ಣದ ಬಿಳಿ. ಇನ್ನೊಂದು ನೀಲಿ ಹಾಕಿ ಒಗೆದ ಪಂಚೆಯ ಬಿಳಿ. ಗಾಡಿಗೆ ಏಟು ಬಿದ್ದು ಬಣ್ಣ ಹೋದಾಗ ಇದರಲ್ಲಿ ಯಾವ ಬಿಳಿ ಬಳಿಯಬೇಕು? ಇದನ್ನು ತಿಳಿಯಲು ಒಂದು ದಾರಿ ಇದೆ. ಗಾಡಿಯ ಮೇಲೆಯೇ ಅದನ್ನು ಬರೆದಿರುತ್ತಾರೆ. ಓದಲು ಬಂದವರಿಗೆ ಅದು ಸಿಗುತ್ತದೆ.

"ಗಾಡಿ ವಿಷಯ ನಮಗ್ಯಾಕೆ, ಅದು ಗಂಡಸರ ಕೆಲಸ" ಎಂದು ಕೆಲವರು ಹೇಳಬಹುದು. ಹಂಗೇನಿಲ್ಲ. ಈಗ ಸಂಘದ ಸಾಲ ತೆಗೆದು ವ್ಯಾನ್ ಕೊಂಡ ಹೆಂಗಸರಿದ್ದಾರೆ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿ, ತರಕಾರಿ ಸಂತೆಗೆ ಒಯ್ಯುವ ಗಾಡಿ ಅವರ ಹೆಸರಿನಲ್ಲೇ ಇವೆ. ಸಾಲದ ಕಂತು ಕಟ್ಟುವವರು ಅವರು. ಗಾಡಿ ರಿಪೇರಿಗೆ ದುಡ್ಡು ಕೊಡುವವರೂ ಅವರೇ. ದುಡ್ಡು ಕೊಡುವವರಿಗೆ ಕೆಲಸದ ಗುಟ್ಟು ತಿಳಿದಿರಬೇಕು.

ನಮ್ಮ ಪಕ್ಕದ ಬೀದಿಯ ಅಕ್ಕ ಒಬ್ಬರ ಹತ್ತಿರ ಹಳೆಯ ಮಾರುತಿ ಓಮ್ನಿ ವ್ಯಾನ್ ಇದೆ. ಅದರ ತಯಾರಿಕೆ 2019ರಲ್ಲೇ ನಿಂತಿತು. ಆದರೂ ನಮ್ಮ ಕಡೆ ರಸ್ತೆಯಲ್ಲಿ ಅವು ಈಗಲೂ ಓಡುತ್ತಿವೆ. ಅಕ್ಕನ ವ್ಯಾನಿನ ಬಾಗಿಲಿಗೆ ಒಂದು ದಿನ ಎತ್ತಿನ ಗಾಡಿಯ ಮೂಕಿ ತಗುಲಿತು. ತಗ್ಗು ಬಿತ್ತು. ಬಣ್ಣ ಕಿತ್ತುಹೋಯಿತು. ಗ್ಯಾರೇಜಿಗೆ ಬಿಟ್ಟರು. ತಗ್ಗು ಎತ್ತಿದರು, ಪುಟ್ಟಿ ತುಂಬಿದರು, ಬಿಳಿ ಬಣ್ಣ ಹೊಡೆದರು. ಗ್ಯಾರೇಜಿನ ಒಳಗೆ ನೋಡಿದಾಗ ಚೆನ್ನಾಗೇ ಇತ್ತು. ದುಡ್ಡು ಕೊಟ್ಟು ಗಾಡಿ ಹೊರಗೆ ತಂದರು. ಬಿಸಿಲಿಗೆ ಬಂದ ಕೂಡಲೇ ಬಾಗಿಲು ಬೇರೆ, ಮೈ ಬೇರೆ! ಬಾಗಿಲು ನೀಲಿ ಹೊಡೆಯುವ ಬಿಳಿ. ಮಿಕ್ಕಿದ್ದೆಲ್ಲ ಕೆನೆ ಬಣ್ಣದ ಬಿಳಿ. ಬೇರೆ ಗಾಡಿಯ ಬಾಗಿಲು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು.

"ಏನ್ ಮೇಸ್ತ್ರೀ, ಇದು ಹಿಂಗ್ಯಾಕೆ ಆಯ್ತು?" ಎಂದು ಅಕ್ಕ ಕೇಳಿದರು.

"ಬಿಳಿನೇ ಅಲ್ವೇನಮ್ಮಾ? ಬಿಳಿ ಡಬ್ಬಿನೇ ತಂದು ಹೊಡೆದೆ. ಹಳೇ ಗಾಡಿ, ಅಷ್ಟು ವ್ಯತ್ಯಾಸ ಇರ್ತದೆ" ಎಂದರು ಮೇಸ್ತ್ರಿ.

ಆ ಮಾತಿನಲ್ಲಿ ಅರ್ಧ ನಿಜ ಇದೆ. ಹಳೆಯ ಗಾಡಿಯ ಬಣ್ಣ ಬದಲಾಗಿರುತ್ತದೆ, ಅದು ನಿಜ. ಆದರೆ ಬಿಳಿ ಡಬ್ಬಿ ಎಂದು ಯಾವುದೋ ಡಬ್ಬಿ ತಂದದ್ದು ಸರಿಯಲ್ಲ. ಅಕ್ಕ ಅದೇ ಬಾಗಿಲಿಗೆ ಎರಡನೇ ಸಲ ದುಡ್ಡು ಕೊಡಬೇಕಾಯಿತು. ಈ ಸಲ ಬೇರೆ ಗ್ಯಾರೇಜು. ಅಲ್ಲಿಯ ಹುಡುಗ ಮೊದಲು ಡಬ್ಬಿಗೆ ಕೈ ಹಾಕಲಿಲ್ಲ. ಗಾಡಿಯ ಒಳಗೆ ಬಗ್ಗಿ ಒಂದು ತಗಡಿನ ಚೀಟಿ ಒರೆಸಿ ನೋಡಿದ. "26 ಯು" ಎಂದು ಬರೆದುಕೊಂಡ.

ಬಣ್ಣದ ನಂಬರು

ಕಾರು ಮಾಡುವ ಕಂಪನಿಗಳು ತಮ್ಮ ಒಂದೊಂದು ಬಣ್ಣಕ್ಕೂ ಒಂದು ಹೆಸರು ಇಡುತ್ತವೆ. ಜೊತೆಗೆ ಒಂದು ನಂಬರೂ ಕೊಡುತ್ತವೆ. ಸುಜುಕಿ ಕಂಪನಿಯ ಒಂದು ಬಿಳಿಗೆ "ಸುಪೀರಿಯರ್ ವೈಟ್" ಎಂದು ಹೆಸರು. ಅದರ ನಂಬರು 26 ಯು. ಟೊಯೋಟಾ ಕಂಪನಿಯ ಒಂದು ಬಿಳಿಯ ನಂಬರು 040. ಹೋಂಡಾದ ಒಂದು ಬಿಳಿಗೆ "ಟಫೆಟಾ ವೈಟ್" ಎಂದು ಹೆಸರು. ಅದರ ನಂಬರು ಎನ್.ಎಚ್. 578. ಮೂರನ್ನೂ ನಾವು ಬಿಳಿ ಎಂದೇ ಕರೆಯುತ್ತೇವೆ. ಅಕ್ಕಪಕ್ಕ ಇಟ್ಟು ನೋಡಿ. ಒಂದರ ಹಾಗೆ ಇನ್ನೊಂದಿಲ್ಲ.

ಗಾಡಿಯ ಆರ್.ಸಿ.ಯಲ್ಲಿಯೂ ಬಣ್ಣ ಬರೆದಿರುತ್ತದೆ. ಅದು ಬರೀ ಹೆಸರು. ಹೆಸರನ್ನು ನೋಡಿ ಬಣ್ಣ ಕಲಸಲು ಆಗುವುದಿಲ್ಲ. ಕಲಸಲು ಬೇಕಾದ್ದು ನಂಬರು.

ಈ ನಂಬರು ಇರುವ ಚೀಟಿ ಎಲ್ಲಿರುತ್ತದೆ? ಎಲ್ಲ ಗಾಡಿಯಲ್ಲಿ ಒಂದೇ ಕಡೆ ಇರುವುದಿಲ್ಲ. ಮೊದಲು ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲು ಮುಚ್ಚಿದಾಗ ಮರೆಯಾಗುವ ಕಂಬವನ್ನು ನೋಡಿ. ಬಹಳಷ್ಟು ಗಾಡಿಗಳಲ್ಲಿ ಅಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅಲ್ಲಿ ಇಲ್ಲದಿದ್ದರೆ ಬಾನೆಟ್ ಎತ್ತಿ ನೋಡಿ. ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ಚಿಕ್ಕ ಪ್ಲೇಟು ಬಡಿದಿರಬಹುದು. ಕೆಲವು ಗಾಡಿಯಲ್ಲಿ ಸೀಟಿನ ಕೆಳಗೆ ಅಥವಾ ಡಿಕ್ಕಿಯಲ್ಲಿ ಇರುತ್ತದೆ. ಧೂಳು, ಎಣ್ಣೆ ಕೂತು ಕಾಣದೆ ಇರಬಹುದು. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಬ್ಲೇಡಿನಿಂದ ಕೆರೆಯಬೇಡಿ. ಕಾಗದದ ಚೀಟಿ ಹರಿದರೆ ನಂಬರೂ ಹೋಗುತ್ತದೆ.

ಆ ಚೀಟಿಯ ಮೇಲೆ ಬೇರೆ ನಂಬರುಗಳೂ ಇರುತ್ತವೆ. ಉದ್ದವಾಗಿ 17 ಅಕ್ಷರ, ಅಂಕಿ ಇದ್ದರೆ ಅದು ಛಾಸಿಸ್ ನಂಬರು. ಅದು ಗಾಡಿಯ ಗುರುತು, ಬಣ್ಣದ್ದಲ್ಲ. ಬಣ್ಣದ ನಂಬರು ಸಾಮಾನ್ಯವಾಗಿ ಚಿಕ್ಕದು. ಅದರ ಪಕ್ಕ ಇಂಗ್ಲಿಷಿನಲ್ಲಿ "ಕಲರ್" ಅಥವಾ "ಪೇಂಟ್" ಎಂಬ ಪದ ಇರಬಹುದು. ಟೊಯೋಟಾ ಗಾಡಿಯಲ್ಲಿ "ಸಿ / ಟಿಆರ್" ಎಂದು ಇರುತ್ತದೆ. ಸಿ ಎಂದರೆ ಹೊರಗಿನ ಬಣ್ಣ, ಟಿಆರ್ ಎಂದರೆ ಒಳಗಿನ ಸೀಟು ಮುಂತಾದವುಗಳ ಬಣ್ಣ. ಮೊದಲು ಬರೆದದ್ದು ನಮಗೆ ಬೇಕಾದದ್ದು.

ಇದೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ನಮಗೆ ಕನ್ನಡ ಮಾತ್ರ ಬರುತ್ತದಲ್ಲ ಎಂದು ಹಿಂಜರಿಯಬೇಡಿ. ಅಂಕಿಗಳನ್ನು ನೀವು ಬಸ್ಸಿನ ಮೇಲೆ ದಿನಾ ನೋಡುತ್ತೀರಿ. ಅಕ್ಷರ ಹೇಗಿದೆಯೋ ಹಾಗೇ ಚಿತ್ರ ಬರೆದಂತೆ ಇಳಿಸಿಕೊಳ್ಳಿ. ಚುಕ್ಕಿ ಎಣಿಸಿ ರಂಗೋಲಿ ಬಿಡುವ ಕೈಗೆ ಇದು ಕಷ್ಟವಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಯಾಕೆಂದರೆ ಕೆಲವು ಅಕ್ಷರ, ಅಂಕಿ ಒಂದೇ ತರಹ ಕಾಣುತ್ತವೆ. ಸೊನ್ನೆಯೂ ಇಂಗ್ಲಿಷಿನ ಓ ಅಕ್ಷರವೂ ಒಂದೇ ಹಾಗೆ ದುಂಡಗೆ. 5 ಮತ್ತು ಎಸ್, 2 ಮತ್ತು ಜೆಡ್, 8 ಮತ್ತು ಬಿ ಕೂಡ ಹಾಗೇ. ಸುಜುಕಿಯ ಒಂದು ಬೆಳ್ಳಿ ಬಣ್ಣದ ನಂಬರು "ಜೆಡ್ 2 ಎಸ್". ಅವಸರದಲ್ಲಿ ಬರೆದುಕೊಂಡರೆ 225 ಎಂದು ಓದಿಬಿಡಬಹುದು! ಪೇಂಟ್ ಅಂಗಡಿಯಲ್ಲಿ ಆ ನಂಬರು ಸಿಗುವುದಿಲ್ಲ. ಸಿಕ್ಕರೂ ಬೇರೆ ಬಣ್ಣ.

ಚೀಟಿಯೇ ಇಲ್ಲ, ಅಥವಾ ಅಳಿಸಿಹೋಗಿದೆ ಎನ್ನಿ. ಆಗ ಛಾಸಿಸ್ ನಂಬರನ್ನು ಆ ಕಂಪನಿಯ ಷೋರೂಮಿನಲ್ಲಿ ತೋರಿಸಿ ಕೇಳಬಹುದು. ಕಾರ್ಖಾನೆಯಿಂದ ಆ ಗಾಡಿ ಯಾವ ಬಣ್ಣದಲ್ಲಿ ಹೊರಟಿತು ಎಂಬ ದಾಖಲೆ ಕಂಪನಿಯ ಬಳಿ ಇರುತ್ತದೆ. ಆದರೆ ನಡುವೆ ಯಾರೋ ಇಡೀ ಗಾಡಿಗೆ ಬೇರೆ ಬಣ್ಣ ಹೊಡೆಸಿದ್ದರೆ ಈ ನಂಬರು ಉಪಯೋಗಕ್ಕೆ ಬರುವುದಿಲ್ಲ. ಇದನ್ನು ತಿಳಿಯಲು ಮ್ಯಾಟಿನ ಕೆಳಗೆ, ಡಿಕ್ಕಿಯ ಒಳ ಅಂಚಿನಲ್ಲಿ, ಬಾಗಿಲಿನ ಸಂದಿಯಲ್ಲಿ ನೋಡಿ. ಅಲ್ಲಿ ಹಳೆಯ ಬಣ್ಣ ಉಳಿದಿರುತ್ತದೆ. ಒಳಗೊಂದು ಬಣ್ಣ, ಹೊರಗೊಂದು ಬಣ್ಣ ಇದ್ದರೆ ಗಾಡಿಗೆ ಬಣ್ಣ ಬದಲಾಯಿಸಿದ್ದಾರೆ ಎಂದು ಅರ್ಥ.

ಹಳೆಯ ಗಾಡಿ ಕೊಳ್ಳುವವರಿಗೂ ಈ ನೋಟ ಉಪಯೋಗ. ಒಂದು ಬಾಗಿಲು ಮಾತ್ರ ಬೇರೆ ಛಾಯೆ ಇದ್ದರೆ, ಗಾಜಿನ ರಬ್ಬರಿನ ಮೇಲೆ ಬಣ್ಣದ ತುಂತುರು ಬಿದ್ದಿದ್ದರೆ, ಅಲ್ಲಿ ಮತ್ತೆ ಬಣ್ಣ ಹೊಡೆದಿದ್ದಾರೆ. ಬರೀ ಗೀರು ಬಿದ್ದು ಹೊಡೆಸಿರಬಹುದು. ದೊಡ್ಡ ಅಪಘಾತವೂ ಆಗಿರಬಹುದು. ಕೇಳಿ ತಿಳಿದುಕೊಂಡೇ ಬೆಲೆ ಮಾತಾಡಿ.

ಕಾರ್ಖಾನೆಯ ಬಣ್ಣ

ಕಾರುಗಳಿಗೆ ಇಷ್ಟೊಂದು ಬಣ್ಣ ಮೊದಲಿನಿಂದ ಇರಲಿಲ್ಲ. ಅಮೆರಿಕದ ಫೋರ್ಡ್ ಕಂಪನಿ 1908ರಿಂದ 1927ರವರೆಗೆ "ಮಾಡೆಲ್ ಟಿ" ಎಂಬ ಕಾರು ಮಾಡಿತು. ಲಕ್ಷಗಟ್ಟಲೆ ಜನ ಅದನ್ನು ಕೊಂಡರು. 1914ರಿಂದ 1925ರವರೆಗೆ ಅದು ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಕಪ್ಪು ಬಣ್ಣ ಅಗ್ಗವಾಗಿತ್ತು, ಬಾಳಿಕೆಯೂ ಬರುತ್ತಿತ್ತು. ಆಗಿನ ಬೇರೆ ಬಣ್ಣಗಳು ಒಣಗಲು ಬಹಳ ದಿನ ಹಿಡಿಯುತ್ತಿದ್ದವು. ಆಮೇಲೆ ಬೇಗ ಒಣಗುವ ಹೊಸ ಬಗೆಯ ಬಣ್ಣ ಬಂತು. 1924ರ ಓಕ್‌ಲೆಂಡ್ ಎಂಬ ಕಾರುಗಳಿಗೆ ಅದರಿಂದ ನೀಲಿ ಬಣ್ಣ ಹೊಡೆದರು. ಅಲ್ಲಿಂದ ಮುಂದೆ ಕಾರುಗಳಿಗೆ ಬಣ್ಣ ಹೆಚ್ಚಿದವು.

ಈಗಿನ ಕಾರ್ಖಾನೆಯಲ್ಲಿ ಬಣ್ಣ ಒಂದೇ ಪದರ ಅಲ್ಲ. ನಮ್ಮ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆ ಇದೆ. 1999ರಿಂದ ಅಲ್ಲಿ ಗಾಡಿ ತಯಾರಾಗುತ್ತಿವೆ. ಇಂಥ ಕಾರ್ಖಾನೆಗಳಲ್ಲಿ ಗಾಡಿಯ ಮೈಯನ್ನು ಮೊದಲು ಚೆನ್ನಾಗಿ ತೊಳೆಯುತ್ತಾರೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಪೂರ್ತಿ ಮುಳುಗಿಸುತ್ತಾರೆ. ಕರೆಂಟು ಹಾಯಿಸಿ ತುಕ್ಕು ತಡೆಯುವ ಬಣ್ಣ ಮೂಲೆಮೂಲೆಗೂ ಹತ್ತುವಂತೆ ಮಾಡುತ್ತಾರೆ. ಅದರ ಮೇಲೆ ಪ್ರೈಮರ್. ಅದರ ಮೇಲೆ ನಮಗೆ ಕಾಣುವ ಬಣ್ಣ. ಎಲ್ಲಕ್ಕಿಂತ ಮೇಲೆ ಗಾಜಿನಂತೆ ಹೊಳೆಯುವ, ಬಣ್ಣವಿಲ್ಲದ ಪದರ. ಅದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಎಲ್ಲ ಪದರ ಸೇರಿದರೂ ಮಿಲಿಮೀಟರಿನ ಹತ್ತರಲ್ಲಿ ಒಂದು ಪಾಲಿನಷ್ಟು ದಪ್ಪ. ಅಂದರೆ ಒಂದು ಪೋಸ್ಟ್ ಕಾರ್ಡಿಗಿಂತ ತೆಳು! ಎಲ್ಲ ಗಾಡಿಗೂ ಕ್ಲಿಯರ್ ಕೋಟ್ ಇರುವುದಿಲ್ಲ. ಹಳೆಯ ಎಷ್ಟೋ ಬಿಳಿ ಗಾಡಿಗಳಿಗೆ ಬರೀ ಬಣ್ಣ ಹೊಡೆದು ಬಿಟ್ಟಿರುತ್ತಾರೆ.

ಕಾರ್ಖಾನೆಯಲ್ಲಿ ಈ ಪದರಗಳನ್ನು ದೊಡ್ಡ ಒಲೆಯಲ್ಲಿ ಬೇಯಿಸುತ್ತಾರೆ. ಮೇಲಿನ ಬಣ್ಣ ಬೇಯುವಾಗ ಶಾಖ 140 ಡಿಗ್ರಿಯ ಸುತ್ತಮುತ್ತ ಇರುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ ಎಂದು ನಿಮಗೆ ಗೊತ್ತು. ಆಗ ಗಾಡಿಗೆ ಸೀಟು, ವೈರು, ರಬ್ಬರು ಏನೂ ಇನ್ನೂ ಹಾಕಿರುವುದಿಲ್ಲ. ಬರೀ ತಗಡು. ಹಾಗಾಗಿ ಅಷ್ಟು ಶಾಖ ತಡೆಯುತ್ತದೆ. ಗ್ಯಾರೇಜಿನಲ್ಲಿ ಪೂರ್ತಿ ಗಾಡಿಯನ್ನು ಹಾಗೆ ಬೇಯಿಸಿದರೆ ರಬ್ಬರು, ಪ್ಲಾಸ್ಟಿಕ್ಕು ಕರಗಿಹೋಗುತ್ತದೆ. ಅದಕ್ಕೇ ಗ್ಯಾರೇಜಿನ ಬಣ್ಣವೇ ಬೇರೆ. ಅದು ಕಡಿಮೆ ಶಾಖದಲ್ಲಿ ಅಥವಾ ಗಾಳಿಯಲ್ಲಿ ಒಣಗುತ್ತದೆ. ಗಟ್ಟಿಯಾಗಲು ಹಾರ್ಡನರ್ ಬೆರೆಸುತ್ತಾರೆ. ಛಾಯೆ ಒಂದೇ ಇದ್ದರೂ ಮಾಲು ಒಂದೇ ಅಲ್ಲ.

ಕಲಸುವುದು

ನಂಬರು ಹಿಡಿದುಕೊಂಡು ಗಾಡಿ ಬಣ್ಣ ಕಲಸುವ ಅಂಗಡಿಗೆ ಹೋಗಬೇಕು. ಮನೆ ಗೋಡೆಯ ಬಣ್ಣ ಮಾರುವ ಅಂಗಡಿ ಅಲ್ಲ. ಅಲ್ಲಿ ಕಂಪ್ಯೂಟರಿನಲ್ಲಿ ಆ ನಂಬರು ಹಾಕುತ್ತಾರೆ. ಯಾವ ಬಣ್ಣ ಎಷ್ಟು ಗ್ರಾಂ ಸೇರಬೇಕು ಎಂದು ಲೆಕ್ಕ ಬರುತ್ತದೆ. ಬಿಳಿಗೆ ಬರೀ ಬಿಳಿ ಸಾಲದು. ಚೂರು ಕಪ್ಪು, ಚೂರು ಹಳದಿ ಬೀಳಬಹುದು. ಹುಳಿಗೆ ಇಂಗು ಹಾಕಿದ ಹಾಗೆ, ಇಷ್ಟೇ ಇಷ್ಟು. ಒಂದು ಹನಿ ಹೆಚ್ಚಾದರೂ ರುಚಿ ಕೆಟ್ಟಂತೆ ಛಾಯೆ ಕೆಡುತ್ತದೆ. ಅದಕ್ಕೇ ಚಿನ್ನ ತೂಗುವ ಹಾಗೆ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ಹಾಕುತ್ತಾರೆ.

ನಂಬರು ಸರಿ ಇದ್ದರೂ ಬಣ್ಣ ಹೊಂದದೆ ಹೋಗಬಹುದು. ಇದು ಮೋಸವಲ್ಲ. ಒಂದೇ ಅಂಗಡಿಯಲ್ಲಿ ಒಂದೇ ನಂಬರಿನ ಉಣ್ಣೆ ನೂಲು ಎರಡು ಸಲ ತಂದರೆ ಸ್ವಲ್ಪ ವ್ಯತ್ಯಾಸ ಬರುವುದಿಲ್ಲವೇ? ಕಾರ್ಖಾನೆಯಲ್ಲೂ ಒಂದು ಸಲದ ಬಣ್ಣಕ್ಕೂ ಇನ್ನೊಂದು ಸಲದ ಬಣ್ಣಕ್ಕೂ ಕೂದಲೆಳೆಯ ವ್ಯತ್ಯಾಸ ಬೀಳುತ್ತದೆ. ಒಂದೇ ನಂಬರಿಗೆ ಎರಡು ಮೂರು ಲೆಕ್ಕಗಳನ್ನು ಅಂಗಡಿಯವರು ಇಟ್ಟುಕೊಂಡಿರುತ್ತಾರೆ. ಒಂದು ಸ್ವಲ್ಪ ಹಳದಿ ಕಡೆಗೆ, ಒಂದು ಸ್ವಲ್ಪ ನೀಲಿ ಕಡೆಗೆ. ಇದರ ಜೊತೆಗೆ ಬಿಸಿಲು ಬೇರೆ. ದಿನಾ ಹೊರಗೆ ನಿಂತ ಗಾಡಿಯ ಬಣ್ಣ ಮಾಸುತ್ತದೆ. ಕೆಂಪು ಬೇಗ ಮಂಕಾಗುತ್ತದೆ. ಬಿಳಿ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ. ಅಟ್ಟದಲ್ಲಿ ಇಟ್ಟ ಸೀರೆಗೂ ದಿನಾ ಬಿಸಿಲಿಗೆ ಒಣಗಿದ ಸೀರೆಗೂ ಎಷ್ಟು ಅಂತರ!

ಹಾಗಾದರೆ ಏನು ಮಾಡುವುದು? ಸೀರೆಯನ್ನು ಅಂಗಡಿಗೆ ಒಯ್ದಂತೆ ಗಾಡಿಯ ಒಂದು ತುಂಡನ್ನು ಒಯ್ಯಬೇಕು. ಪೆಟ್ರೋಲ್ ಹಾಕುವ ಜಾಗದ ಮೇಲೆ ಚಿಕ್ಕ ಮುಚ್ಚಳ ಇರುತ್ತದೆ, ನೋಡಿ. ಅನೇಕ ಗಾಡಿಗಳಲ್ಲಿ ಅದನ್ನು ಸ್ಕ್ರೂ ತೆಗೆದು ಬಿಚ್ಚಬಹುದು. ಅದೂ ಇಡೀ ಗಾಡಿಯ ಹಾಗೆ ಬಿಸಿಲು, ಮಳೆ ಕಂಡಿರುತ್ತದೆ. ಅದನ್ನು ತೊಳೆದು, ಪಾಲಿಶ್ ಹಾಕಿ ಉಜ್ಜಿ, ಅಂಗಡಿಗೆ ಒಯ್ದರೆ ಅದಕ್ಕೆ ಹೊಂದುವಂತೆ ಕಲಸಿಕೊಡುತ್ತಾರೆ. ಉಜ್ಜುವುದನ್ನು ಮರೆಯಬಾರದು. ಕೊಳೆಯ ಬಣ್ಣಕ್ಕೆ ಹೊಂದಿಸಿ ಕಲಸಿದರೆ, ಗಾಡಿ ತೊಳೆದ ದಿನ ಬಣ್ಣ ಬೇರೆಯಾಗಿ ಕಾಣುತ್ತದೆ. ಈಗ ಕೆಲವು ಅಂಗಡಿಗಳಲ್ಲಿ ಬಣ್ಣ ಅಳೆಯುವ ಯಂತ್ರವೂ ಇದೆ. ಗಾಡಿಯ ಮೈಗೆ ಒತ್ತಿದರೆ ಛಾಯೆಯನ್ನು ಅಳೆದು ಹತ್ತಿರದ ಲೆಕ್ಕ ತೋರಿಸುತ್ತದೆ. ಯಂತ್ರ ಹೇಳಿದರೂ ಕೊನೆಗೆ ಕಣ್ಣಿನಿಂದ ನೋಡಲೇಬೇಕು.

ಕಲಸಿದ ಬಣ್ಣವನ್ನು ನೇರ ಗಾಡಿಗೆ ಹೊಡೆಯಲು ಬಿಡಬೇಡಿ. ಇದು ಎಲ್ಲಕ್ಕಿಂತ ಮುಖ್ಯ. ಮೊದಲು ಒಂದು ತಗಡಿನ ತುಂಡಿಗೆ ಹೊಡೆಯಲು ಹೇಳಿ. ಕ್ಲಿಯರ್ ಕೋಟ್ ಹೊಡೆಯುವ ಬಣ್ಣವಾದರೆ ಅದನ್ನೂ ಹೊಡೆದು ಒಣಗಿಸಬೇಕು. ಹಸಿ ಬಣ್ಣವೇ ಬೇರೆ, ಒಣಗಿದ ಬಣ್ಣವೇ ಬೇರೆ. ಒಣಗಿದ ಮೇಲೆ ಆ ತುಂಡನ್ನು ಗಾಡಿಯ ಪಕ್ಕ ಹಿಡಿದು ಹಗಲು ಬೆಳಕಿನಲ್ಲಿ ನೋಡಿ. ನೇರವಾಗಿ ನೋಡಿ, ಪಕ್ಕದಿಂದ ಓರೆಯಾಗಿಯೂ ನೋಡಿ. ಟ್ಯೂಬ್‌ಲೈಟಿನಲ್ಲಿ ಒಂದೇ ಎನ್ನಿಸಿದ ಎರಡು ಬಣ್ಣ ಬಿಸಿಲಲ್ಲಿ ಬೇರೆಯಾಗುತ್ತವೆ. ನಮ್ಮ ಅಕ್ಕನಿಗೆ ಮೊದಲ ಸಲ ಆದದ್ದು ಇದೇ.

ಬೆಳ್ಳಿ ಬಣ್ಣದಂತಹ ಮಿಂಚುವ ಬಣ್ಣಗಳು ಇನ್ನೂ ತಂಟೆಯವು. ಅವುಗಳಲ್ಲಿ ಅಲ್ಯೂಮಿನಿಯಂ ಚೂರುಗಳು ಇರುತ್ತವೆ. ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣವು. ಮೇಸ್ತ್ರಿ ಬಣ್ಣವನ್ನು ಹಸಿಹಸಿಯಾಗಿ ದಪ್ಪಗೆ ಹೊಡೆದರೆ ಚೂರುಗಳು ಒಳಗೆ ಇಳಿಯುತ್ತವೆ, ಬಣ್ಣ ಗಾಢವಾಗುತ್ತದೆ. ದೂರದಿಂದ ತೆಳುವಾಗಿ ಹೊಡೆದರೆ ಚೂರುಗಳು ಮೇಲೆ ನಿಲ್ಲುತ್ತವೆ, ಬಣ್ಣ ತಿಳಿಯಾಗುತ್ತದೆ. ಡಬ್ಬಿ ಒಂದೇ, ಕೈ ಬೇರೆ, ಬಣ್ಣ ಬೇರೆ. ಹಾಗಾಗಿ ತಗಡಿನ ತುಂಡಿಗೆ ಹೊಡೆದ ಕೈಯೇ ಗಾಡಿಗೂ ಹೊಡೆಯಬೇಕು.

ಇನ್ನೊಂದು ಜಾಣತನ ಇದೆ. ಗೋಡೆಯಲ್ಲಿ ಮಾಸಿದ ಕಡೆ ಮಾತ್ರ ಸುಣ್ಣ ಬಳಿದರೆ ತೇಪೆ ಎದ್ದು ಕಾಣುತ್ತದೆ. ಮೂಲೆಯಿಂದ ಮೂಲೆಗೆ ಬಳಿದರೆ ಕಾಣುವುದಿಲ್ಲ. ಗಾಡಿಯಲ್ಲೂ ಒಳ್ಳೆಯ ಮೇಸ್ತ್ರಿ ಬಣ್ಣವನ್ನು ಪಕ್ಕದ ಭಾಗಕ್ಕೆ ಸ್ವಲ್ಪಸ್ವಲ್ಪವೇ ತೆಳುವಾಗಿಸಿ ಸೇರಿಸುತ್ತಾನೆ. ಆಮೇಲೆ ಆ ಎರಡೂ ಭಾಗಕ್ಕೆ ಪೂರ್ತಿ ಕ್ಲಿಯರ್ ಕೋಟ್ ಹೊಡೆಯುತ್ತಾನೆ. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ. ಇದಕ್ಕೆ ಸ್ವಲ್ಪ ಹೆಚ್ಚು ದುಡ್ಡು ಕೇಳುತ್ತಾರೆ. ಎರಡು ಸಲ ಹೊಡೆಸುವುದಕ್ಕಿಂತ ಅದೇ ವಾಸಿ.

ಉಸಿರಿನ ವಿಷಯ

ಗ್ಯಾರೇಜಿನಲ್ಲಿ ಕೆಲಸ ಮಾಡುವ ಗಂಡ, ಮಗ, ತಮ್ಮ ನಿಮ್ಮ ಮನೆಯಲ್ಲಿ ಇದ್ದರೆ ಇದನ್ನು ಓದಿ ಹೇಳಿ. ಹಾರ್ಡನರ್ ಬೆರೆಸಿದ ಬಣ್ಣದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದರ ತುಂತುರು ಉಸಿರಿನ ಜೊತೆ ಒಳಗೆ ಹೋದರೆ ಅಸ್ತಮಾ ಬರಬಹುದು. ಒಮ್ಮೆ ಬಂದರೆ ಆಮೇಲೆ ಚೂರು ತಗುಲಿದರೂ ಉಬ್ಬಸ ಏಳುತ್ತದೆ. ಮೂಗಿಗೆ ಕರ್ಚೀಫು ಕಟ್ಟಿದರೆ ಇದು ನಿಲ್ಲುವುದಿಲ್ಲ. ಬಟ್ಟೆಯ ಮಾಸ್ಕೂ ಸಾಲದು. ಬಣ್ಣ ಹೊಡೆಯುವವರಿಗೆಂದೇ ಬೇರೆ ಮುಖವಾಡ ಇದೆ, ಅದನ್ನೇ ಹಾಕಬೇಕು. ಹೊಡೆಯುವ ಜಾಗದ ಹತ್ತಿರ ಮಕ್ಕಳನ್ನು ಬಿಡಬಾರದು. ಥಿನ್ನರ್ ಬೇಗ ಬೆಂಕಿ ಹಿಡಿಯುತ್ತದೆ. ಅದರ ಡಬ್ಬಿ ಒಲೆಯ ಹತ್ತಿರ, ಅಡುಗೆಮನೆಯಲ್ಲಿ ಇರಬಾರದು. ನೀರು ಕುಡಿಯುವ ಬಾಟಲಿಗೆ ಥಿನ್ನರ್ ತುಂಬಿಡುವುದಂತೂ ಬೇಡವೇ ಬೇಡ.

ಬಣ್ಣ ಬದಲಾಯಿಸುವುದಾದರೆ

ಇರುವ ಬಣ್ಣವನ್ನೇ ಮತ್ತೆ ಹೊಡೆಸಿದರೆ ಯಾರ ಅಪ್ಪಣೆಯೂ ಬೇಡ. ಬಿಳಿ ಗಾಡಿಯನ್ನು ಕೆಂಪು ಮಾಡಿಸಬೇಕು ಎನ್ನಿಸಿದರೆ ಮಾತ್ರ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ. ಆರ್.ಸಿ.ಯಲ್ಲಿ ಬಣ್ಣ ಬದಲಾಯಿಸಿ ಬರೆಸಬೇಕು. ಆರ್.ಸಿ.ಯಲ್ಲಿ ಒಂದು ಬಣ್ಣ, ಗಾಡಿ ಇನ್ನೊಂದು ಬಣ್ಣ ಇದ್ದರೆ ಪೊಲೀಸರು ತಡೆದು ಕೇಳುತ್ತಾರೆ. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು.

ಕೆಲಸ ಮುಗಿದ ಮೇಲೆ ಸ್ವಲ್ಪ ಬಣ್ಣ ಉಳಿಯುತ್ತದೆ. ಹಾರ್ಡನರ್ ಬೆರೆಸಿದ್ದು ಕೆಲವು ಗಂಟೆಯಲ್ಲೇ ಗಟ್ಟಿಯಾಗುತ್ತದೆ, ಅದನ್ನು ಇಟ್ಟುಕೊಂಡು ಉಪಯೋಗವಿಲ್ಲ. ಹಾರ್ಡನರ್ ಬೆರೆಸದೆ ಉಳಿದದ್ದನ್ನು ಕೇಳಿ ಪಡೆಯಿರಿ. ದುಡ್ಡು ಕೊಟ್ಟ ಬಣ್ಣ ನಿಮ್ಮದು. ಗಾಳಿ ಆಡದಂತೆ ಮುಚ್ಚಳ ಬಿಗಿಯಾಗಿ ಹಾಕಿ, ಮಕ್ಕಳ ಕೈಗೆ ಸಿಗದಂತೆ ತಂಪಾದ ಕಡೆ ಇಡಿ. ಮುಂದೆ ಸಣ್ಣ ಗೀರು ಬಿದ್ದಾಗ ಬ್ರಷ್ಷಿನ ತುದಿಯಲ್ಲಿ ಹಚ್ಚಿದರೆ ತುಕ್ಕು ಹಿಡಿಯುವುದು ತಪ್ಪುತ್ತದೆ. ಮುಚ್ಚಳದ ಮೇಲೆ ಗಾಡಿಯ ನಂಬರು, ಬಣ್ಣದ ನಂಬರು, ಕಲಸಿದ ತಾರೀಖು ಮೂರನ್ನೂ ನಿಮ್ಮ ಕೈಯಲ್ಲೇ ಬರೆದಿಡಿ.